ದುರ್ಬೀನಿನೊಳಗಿನ ಗೆರೆಗಳು

ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನೊಳಗೆ ಒಂದು ಕೂಡುಗೆರೆ ಇರುತ್ತದೆ. ರೆಟಿಕಲ್ ಎಂದು ಅದರ ಹೆಸರು. ಸಿನಿಮಾಗಳಲ್ಲಿ ಎಲ್ಲರೂ ನೋಡಿದ್ದೇವೆ: ದುಂಡನೆಯ ಚೌಕಟ್ಟು, ಒಂದು ಅಡ್ಡಗೆರೆ, ಒಂದು ಉದ್ದಗೆರೆ, ಅವೆರಡೂ ಕೂಡುವಲ್ಲಿ ಯಾರದೋ ತಲೆ. ಈ ಗೆರೆಯ ಮೂಲಪುರುಷ ಜೇಡ ಎನ್ನುತ್ತಾರೆ. 17ನೆಯ ಶತಮಾನದಲ್ಲಿ ವಿಲಿಯಂ ಗ್ಯಾಸ್ಕಾಯ್ನ್ ಎಂಬ ಇಂಗ್ಲಿಷ್ ಖಗೋಳಾಸಕ್ತನ ದೂರದರ್ಶಕದೊಳಗೆ ಜೇಡವೊಂದು ನೂಲು ಎಳೆದಿತ್ತಂತೆ. ನೂಲೂ ಆಕಾಶವೂ ಒಟ್ಟಿಗೆ ನಿಚ್ಚಳವಾಗಿ ಕಂಡಾಗ, ಹೀಗೆ ಅಳತೆ ಮಾಡಬಹುದಲ್ಲ ಎಂದು ಅವನಿಗೆ ಹೊಳೆಯಿತಂತೆ. ಆಮೇಲೆ ಬಹಳ ಕಾಲ ಅಳತೆಯ ಉಪಕರಣಗಳಲ್ಲಿ ನಿಜವಾದ ಜೇಡರ ನೂಲನ್ನೇ ಬಳಸುತ್ತಿದ್ದರು. ಈಗ ಗಾಜಿನ ಮೇಲೆ ಕೊರೆಯುತ್ತಾರೆ. ನಕ್ಷತ್ರ ಅಳೆಯಲು ಹುಟ್ಟಿದ್ದು ಹಂದಿ ಹೊಡೆಯುವುದಕ್ಕೆ ಬಂದು ನಿಂತಿದೆ.

ಇಂಥ ಗೆರೆಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆ, ಚೆಂಬೂರಿನಲ್ಲಿ ಕೂತು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಗಡುವು ಕಾಯುವ ನನ್ನಂಥವನ ಬಳಿ ಬರಬೇಕಾದ್ದೇನೂ ಅಲ್ಲ. ಕಳಿಸಿದವನು ಹಳೆಯ ಸಹೋದ್ಯೋಗಿ. ವಿರಾಜಪೇಟೆ ಕಡೆಯ ಕೊಡವ, ಈಗ ಅಮೆರಿಕದ ಐಡಹೋ ರಾಜ್ಯದ ಬಾಯ್ಸಿ ಊರಿನಲ್ಲಿದ್ದಾನೆ. ಅಲ್ಲಿ ವಸಂತ ಬಂತೆಂದರೆ ಕುದುರೆಮಸಾಲೆ ಸೊಪ್ಪಿನ ಹೊಲಗಳಲ್ಲಿ ನೆಲದ ಅಳಿಲುಗಳು ಬಿಲ ತೋಡಿಕೊಂಡು ಮೇಲೆ ಬರುತ್ತವೆ. ಬೆಳೆ ತಿನ್ನುತ್ತವೆ, ಬಿಲದಲ್ಲಿ ದನ ಕುದುರೆಗಳ ಕಾಲು ಸಿಕ್ಕಿಕೊಳ್ಳುತ್ತದೆ ಎಂಬುದು ರೈತರ ದೂರು. ಅವನ್ನು ದೂರದಿಂದ ಹೊಡೆಯುವುದು ಅಲ್ಲಿಯವರಿಗೆ ರಜಾದಿನದ ಕಸುಬು. ಅಂಥ ಪ್ರಾಣಿಗಳಿಗೆಲ್ಲ ಅಲ್ಲಿ ಒಂದೇ ಹೆಸರು, ವಾರ್ಮಿಂಟ್. ಇವನು ಮೂರು ದುರ್ಬೀನುಗಳ ಚಿತ್ರ ಕಳಿಸಿ, "ನೀನು ಎಂಟೆಕ್ ಮಾಡಿದವನಲ್ವಾ ಮಾರಾಯ, ಲೆಕ್ಕ ಹಾಕಿ ಯಾವುದು ತಗೊಳ್ಳಲಿ ಹೇಳು" ಎಂದ.

ಲೆಕ್ಕ ಹಾಕಿದೆ. ಅದರಲ್ಲೇನೂ ಕಷ್ಟವಿಲ್ಲ. ಅವನದು .223 ಬಂದೂಕು, 55 ಗ್ರೇನಿನ ಗುಂಡು. 200 ಗಜಕ್ಕೆ ಗುರಿ ಹೊಂದಿಸಿಟ್ಟರೆ 300 ಗಜದಲ್ಲಿ ಗುಂಡು ಸುಮಾರು 7 ಅಂಗುಲ ಕೆಳಗೆ ಬೀಳುತ್ತದೆ, 400ರಲ್ಲಿ ಸುಮಾರು 21 ಅಂಗುಲ, ಅಂದರೆ ಒಂದು ಮೊಳಕ್ಕಿಂತ ಹೆಚ್ಚು. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ ಬೀಸುತ್ತಿದ್ದರೆ 400 ಗಜದಲ್ಲಿ ಪಕ್ಕಕ್ಕೂ ಒಂದು ಮೊಳದಷ್ಟು ಸರಿಯುತ್ತದೆ. ರೆಟಿಕಲ್ಲಿನ ಕೆಲಸವೇ ಈ ಬೀಳುವಿಕೆ, ಸರಿಯುವಿಕೆಗಳನ್ನು ಗೆರೆಯ ಮೇಲೆ ಗುರುತು ಮಾಡಿಕೊಡುವುದು.

ಅವನು ಕಳಿಸಿದ ಮೊದಲನೆಯದರಲ್ಲಿ ಬರೀ ಕೂಡುಗೆರೆ: ಅಂಚಿನಲ್ಲಿ ದಪ್ಪ, ನಡುವೆ ಸಣ್ಣ. 1962ರಲ್ಲಿ ಲ್ಯೂಪೋಲ್ಡ್ ಕಂಪನಿ ತಂದದ್ದು, ಡುಪ್ಲೆಕ್ಸ್ ಅನ್ನುತ್ತಾರೆ. ಎರಡನೆಯದರಲ್ಲಿ ಕೆಳಗೆರೆಯ ಮೇಲೆ ಮೂರ್ನಾಲ್ಕು ಗುರುತು, ಒಂದೊಂದು ಒಂದೊಂದು ದೂರಕ್ಕೆ. ಮೂರನೆಯದು ದೊಡ್ಡ ವೈಭವ. ಕೆಳಗಿಳಿದಂತೆ ಅಗಲವಾಗುತ್ತ ಹೋಗುವ ಚುಕ್ಕಿಗಳ ಸಾಲು, ನಮ್ಮ ಕಡೆಯ ಚುಕ್ಕಿ ರಂಗೋಲಿಯನ್ನು ಅರ್ಧಕ್ಕೆ ಬಿಟ್ಟ ಹಾಗೆ. ಎಲ್ಲ ಮಿಲ್ ಲೆಕ್ಕದಲ್ಲಿ: 100 ಮೀಟರಿನಲ್ಲಿ ಒಂದು ಮಿಲ್ ಅಂದರೆ 10 ಸೆಂಟಿಮೀಟರು. 400 ಗಜದ ಅಳಿಲಿಗೆ ಒಂದೂವರೆ ಮಿಲ್ ಕೆಳಗಿನ ಚುಕ್ಕಿ, ಗಾಳಿಗೆ ಒಂದೂಕಾಲು ಮಿಲ್ ಪಕ್ಕದ ಚುಕ್ಕಿ. ಅಲ್ಲಿ ಅಳಿಲನ್ನು ಕೂರಿಸಿ ಕುದುರೆ ಎಳೆದರಾಯಿತು. 800 ಗಜದವರೆಗೂ ಚುಕ್ಕಿ ಸಿಗುತ್ತದೆ. (ದುರ್ಬೀನನ್ನು ಹಿಗ್ಗಿಸಿದಾಗ ಗೆರೆಯೂ ಹಿಗ್ಗುವ ಮಾದರಿ ಒಂದು, ಹಿಗ್ಗದ ಮಾದರಿ ಇನ್ನೊಂದು. ಹಿಗ್ಗದ್ದರಲ್ಲಿ ಗುರುತುಗಳು ಒಂದೇ ಒಂದು ಹಿಗ್ಗುವಿಕೆಯಲ್ಲಿ ನಿಜ ಹೇಳುತ್ತವೆ, ಉಳಿದಾಗ ಸುಳ್ಳು. ಅವಸರದಲ್ಲಿ ಅದು ನೆನಪಾಗುವುದಿಲ್ಲ.)

ಲೆಕ್ಕ ಮೂರನೆಯದನ್ನೇ ಕೊಳ್ಳು ಎನ್ನುತ್ತದೆ. ಅನುಮಾನವೇ ಇಲ್ಲ. ಆದರೆ ಅದೇ ಲೆಕ್ಕದ ಹಾಳೆಯಲ್ಲಿ ಇನ್ನೆರಡು ಅಂಕಣ ಸೇರಿಸಿದಾಗ ನನ್ನ ಬೆರಳು ನಿಂತಿತು.

ಒಂದು, ಸಮಯ. 400 ಗಜ ಹೋಗಲು ಆ ಗುಂಡಿಗೆ ಹತ್ತಿರ ಹತ್ತಿರ ಅರ್ಧ ಸೆಕೆಂಡು ಬೇಕು. ಕಣ್ಣಿಗೆ ಪ್ರಾಣಿ ಮೂಗಿನ ಮುಂದೆ ಇದೆ, ಮೀಸೆ ಕುಣಿಸುವುದು ಕೂಡ ಕಾಣುತ್ತದೆ. ಆದರೆ ಬೆರಳು ಮಡಿಸಿದ ಕ್ಷಣದ ಪ್ರಾಣಿಗೆ ಗುಂಡು ತಾಗುವುದಿಲ್ಲ, ಅರ್ಧ ಸೆಕೆಂಡು ನಂತರ ಅದೇ ಜಾಗದಲ್ಲಿ ಏನಿರುತ್ತದೋ ಅದಕ್ಕೆ ತಾಗುತ್ತದೆ. ಎರಡು, ತಪ್ಪಿನ ಅಳತೆ. ಒಳ್ಳೆಯ ಸಾಧಾರಣ ಬಂದೂಕು 100 ಗಜದಲ್ಲಿ ಒಂದು ಅಂಗುಲದೊಳಗೆ ಗುಂಡುಗಳನ್ನು ಕೂರಿಸುತ್ತದೆ. 400 ಗಜಕ್ಕೆ ಅದು ನಾಲ್ಕು ಅಂಗುಲ. ಅಳಿಲಿನ ಮೈ ಅದಕ್ಕಿಂತ ಕಿರಿದು. ಗಾಳಿ 16 ಇದೆ ಎಂದುಕೊಂಡದ್ದು ನಿಜವಾಗಿ 22 ಇದ್ದರೆ ಇನ್ನೂ ಏಳು ಅಂಗುಲ ಪಕ್ಕಕ್ಕೆ. ಅಷ್ಟೇ ವ್ಯತ್ಯಾಸ ಹಂದಿಯ ಮೇಲಾದರೆ ಎದೆಗೆ ಹೋಗಬೇಕಾದದ್ದು ಕರುಳಿಗೆ ಹೋಯಿತು. ಗೆರೆಯ ಮೇಲೆ ಗಾಳಿಗೆ ಚುಕ್ಕಿ ಇದೆ, ನಿಜ. ಆದರೆ ಯಾವ ಚುಕ್ಕಿ ಎಂದು ಆರಿಸುವುದು ಹುಲ್ಲು ಬಾಗಿದ್ದನ್ನು ನೋಡಿ ಊಹಿಸುವ ಮನುಷ್ಯ. ಹೊಲದ ಈ ತುದಿಯ ಹುಲ್ಲಿಗೂ ಆ ತುದಿಯ ಹುಲ್ಲಿಗೂ ಗಾಳಿ ಒಂದೇ ಇರುವುದಿಲ್ಲ.

ಹೀಗಾಗಿ ನನಗೆ ಕಂಡದ್ದು ಇಷ್ಟು: ದುರ್ಬೀನು ನೋಟವನ್ನು ಹತ್ತಿರ ತರುತ್ತದೆ, ಗುಂಡನ್ನು ತರುವುದಿಲ್ಲ. ಸುಮಾರು 200, 250 ಗಜದವರೆಗೆ ಕಾಣುವುದೂ ತಾಗುವುದೂ ಜೊತೆಯಲ್ಲಿ ನಡೆಯುತ್ತವೆ. ಅಲ್ಲಿಂದಾಚೆ ಎರಡೂ ಬೇರೆ ದಾರಿ ಹಿಡಿಯುತ್ತವೆ. ರೆಟಿಕಲ್ಲಿನ ಕೆಳಗಿನ ಚುಕ್ಕಿಗಳು ಆ ಬಿರುಕನ್ನು ಮುಚ್ಚುವುದಿಲ್ಲ, ಬಿರುಕು ಇಲ್ಲವೇನೋ ಎಂಬ ಭರವಸೆ ಕೊಡುತ್ತವೆ.

ನನ್ನ ಕಸುಬಿನಲ್ಲಿ ಸ್ಕೋಪ್ ಎಂಬ ಮಾತಿಗೆ ಬೇರೆ ಅರ್ಥವಿದೆ. ಪ್ರಾಜೆಕ್ಟಿನಲ್ಲಿ ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬ ಬೇಲಿ ಅದು. ಇಪ್ಪತ್ತು ವರ್ಷದಲ್ಲಿ ನಾನು ನೋಡಿದ ಸಂಗತಿ, ಪರದೆಯ ಮೇಲೆ ಒಂದು ಗುಂಡಿ ಇಟ್ಟರೆ ಯಾರಾದರೂ ಒತ್ತಿಯೇ ಒತ್ತುತ್ತಾರೆ. 'ಯಾರೂ ಬಳಸಲಿಕ್ಕಿಲ್ಲ, ಇರಲಿ ಎಂದು ಇಟ್ಟದ್ದು' ಎನ್ನುವ ಸೌಲಭ್ಯವೇ ಮಧ್ಯರಾತ್ರಿ ಫೋನು ಮಾಡಿಸುವುದು. 800 ಗಜಕ್ಕೆ ಚುಕ್ಕಿ ಇರುವ ಗಾಜನ್ನು ಕೊಂಡವನು ಒಂದಲ್ಲ ಒಂದು ಸಂಜೆ 800 ಗಜ ನೋಡದೆ ಇರುತ್ತಾನೆಯೇ? ನೀತಿಯ ಪ್ರಶ್ನೆ ಬೆರಳು ಕುದುರೆಯ ಮೇಲಿರುವಾಗ ಹುಟ್ಟುತ್ತದೆ ಎಂದು ನಾವು ಭಾವಿಸುತ್ತೇವೆ. ಆ ಹೊತ್ತಿಗೆ ಅದು ಬಹುಪಾಲು ತೀರ್ಮಾನವಾಗಿ ಹೋಗಿರುತ್ತದೆ, ಅಂಗಡಿಯಲ್ಲಿ, ಎದೆಬಡಿತ ಸರಿಯಾಗಿದ್ದಾಗ, ಯಾವ ಪ್ರಾಣಿಯೂ ಕಣ್ಣೆದುರು ಇಲ್ಲದಿದ್ದಾಗ. ಯಾವ ಗೆರೆ ಎಂದು ಆರಿಸುವುದೆಂದರೆ ಮುಂದೆ ನನ್ನನ್ನು ಯಾವ ಆಸೆಗೆ ಒಡ್ಡಿಕೊಳ್ಳುತ್ತೇನೆ ಎಂದು ಆರಿಸುವುದು.

ಹಳೆಯ ಕೋವಿಗಳಿಗೆ ಈ ಸಮಸ್ಯೆ ಇರಲಿಲ್ಲ. ನಮ್ಮದು ಸುಳ್ಯ ತಾಲೂಕು, ಅಡಿಕೆ ತೋಟ. ಮನೆಯಲ್ಲಿರುವುದು ಅಜ್ಜನ ಕಾಲದ ಒಂಟಿನಳಿಗೆ, ಬೆಳೆ ರಕ್ಷಣೆಯ ಪರವಾನಗಿಯದು. ನಳಿಗೆಯ ತುದಿಯಲ್ಲಿ ಒಂದು ಹಿತ್ತಾಳೆ ಮಣಿ, ಅದೇ ಅದರ ರೆಟಿಕಲ್. ಮೂವತ್ತು ನಲವತ್ತು ಗಜದಾಚೆ ಅದರಿಂದ ಏನೂ ಆಗದು. ಅಜ್ಜನಿಗೆ ಸಂಯಮ ಬೋಧಿಸುವ ಅಗತ್ಯ ಯಾರಿಗೂ ಬರಲಿಲ್ಲ, ಸಂಯಮ ಕೋವಿಯಲ್ಲೇ ಇತ್ತು. ಬೇಟೆಗೆ ಕಾನೂನಿನ ಅಡ್ಡಿ ಇಲ್ಲದ ಆ ಕಾಲದ ಒಂದು ನಿಯಮವನ್ನು ಅಪ್ಪ ಹೇಳುತ್ತಿದ್ದರು. ಪೆಟ್ಟು ತಿಂದ ಹಂದಿಯನ್ನು ಬಿಟ್ಟು ಮನೆಗೆ ಬರುವಂತಿಲ್ಲ. ಹೊಡೆದವನೇ ಹೋಗಿ ಹುಡುಕಬೇಕು, ಕತ್ತಲಾದರೆ ಬೆಳಗಾಗುತ್ತಲೇ. ಮೂವತ್ತು ಗಜದಲ್ಲಿ ಹೊಡೆದವನಿಗೆ ಪಾಲಿಸಲು ಸಾಧ್ಯವಾದ ನಿಯಮ ಅದು. ಕಣಿವೆಯ ಆಚೆ ಬದಿಯ ಪ್ರಾಣಿಗೆ ಗುಂಡು ತಗುಲಿತೋ ಇಲ್ಲವೋ ತಿಳಿಯದವನು ಏನನ್ನು ಹುಡುಕಿಕೊಂಡು ಹೋಗಬೇಕು?

ಇಷ್ಟನ್ನು ನಾನು ಬರೆದಾಗ ಗೆಳೆಯನ ಉತ್ತರ ಚುರುಕಾಗಿಯೇ ಬಂತು. ಅವನ ಮನೆಯಲ್ಲೂ ಕೋವಿಗೆ ಗೌರವವಿದೆ, ನಮ್ಮಲ್ಲಿಗಿಂತ ಹೆಚ್ಚೇ. ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅವನೆಂದದ್ದು: "ನಿನ್ನ ಅಜ್ಜ ಕತ್ತಲಲ್ಲಿ ಸೊಪ್ಪು ಅಲ್ಲಾಡಿದ ಕಡೆ ಹೊಡೀತಿದ್ರು. ಗಂಡೋ ಹೆಣ್ಣೋ, ಮರಿ ಇದೆಯೋ ಇಲ್ವೋ ಅವರಿಗೇನು ಗೊತ್ತಾಗ್ತಿತ್ತು? ನಾನು ಗಾಜಿನಲ್ಲಿ ಎಲ್ಲ ನೋಡಿ ಹೊಡೀತೇನೆ. ಯಾರು ಮೇಲು?"

ಈ ಮಾತನ್ನು ತಳ್ಳಿಹಾಕುವಂತಿಲ್ಲ. ದೂರವೇ ಪಾಪ, ಹತ್ತಿರವೇ ಪುಣ್ಯ ಎಂಬ ಸರಳ ಲೆಕ್ಕ ನಿಲ್ಲುವುದೇ ಇಲ್ಲ. ದಶರಥ ಶಬ್ದವೇಧಿ ಕಲಿತವನು. ಸರಯೂ ತೀರದಲ್ಲಿ ಕೊಡ ತುಂಬುವ ಸದ್ದು ಕೇಳಿ ಆನೆ ಎಂದು ಬಾಣ ಬಿಟ್ಟ, ಬಿದ್ದವನು ಶ್ರವಣಕುಮಾರ. ಅವನ ಗುರಿ ತಪ್ಪಲಿಲ್ಲ ಎನ್ನುವುದೇ ಆ ಕಥೆಯ ಭಯಂಕರ ಸಂಗತಿ. ವಿದ್ಯೆ ಸರಿಯಾಗಿತ್ತು, ನೋಟ ಇರಲಿಲ್ಲ. ಅವನ ಬಳಿ ಒಂದು ದುರ್ಬೀನು ಇದ್ದಿದ್ದರೆ ರಾಮಾಯಣವೇ ಬೇರೆ.

ನಮ್ಮ ಕಾಲದ ಶಬ್ದವೇಧಿಗಳು ಬೇರೆ. ಕಾಡಂಚಿನ ಊರುಗಳಲ್ಲಿ ಉರುಳು ಕಟ್ಟುತ್ತಾರೆ, ಬೇಲಿಗೆ ನೇರ ಕರೆಂಟು ಹರಿಸುತ್ತಾರೆ, ಹಣ್ಣಿನೊಳಗೆ ಸಿಡಿಮದ್ದು ತುಂಬಿಡುತ್ತಾರೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಛಿದ್ರವಾದ ಬಸುರಿ ಆನೆ ಹೊಳೆಯ ನೀರಿನಲ್ಲಿ ನಿಂತೇ ಸತ್ತ ಚಿತ್ರ ನಿಮಗೆ ನೆನಪಿರಬಹುದು. ಅಂಥ ಸಿಡಿಮದ್ದು ಇಡುವುದು ಹಂದಿಗಳಿಗೆಂದು. ಇಟ್ಟವನು ಆ ಹೊತ್ತಿಗೆ ಮನೆಯಲ್ಲಿ ಮಲಗಿರುತ್ತಾನೆ. ಗಜಗಳಲ್ಲಿ ಅಳೆದರೆ ಅವನು ಹತ್ತಿರದವನೇ, ಆದರೆ ಅಷ್ಟು ದೂರದ ಬೇಟೆಗಾರ ಇನ್ನೊಬ್ಬನಿಲ್ಲ. ಅವನ ಮುಂದೆ ನನ್ನ ಗೆಳೆಯ ಎಷ್ಟೋ ಮೇಲು. ಅವನು ಕನಿಷ್ಠ ನೋಡಿದ್ದಾನೆ.

ಹತ್ತಿರದ ಕೊಲೆಯನ್ನೂ ಇಲ್ಲಿ ಮುಂಬಯಿಯಲ್ಲಿ ನೋಡಿದ್ದೇನೆ. ಮಹಾನಗರಪಾಲಿಕೆಯ ಕೀಟನಾಶಕ ವಿಭಾಗದಲ್ಲಿ ರಾತ್ರಿ ಇಲಿ ಹೊಡೆಯುವವರಿದ್ದಾರೆ, ಅದೇ ಅವರ ಹುದ್ದೆಯ ಹೆಸರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ದೊಣ್ಣೆ. ರಾತ್ರಿಗೆ 30 ಇಲಿ ಹೊಡೆಯಬೇಕೆಂಬ ಗುರಿ ಅವರಿಗಿತ್ತು. ಇವರ ಮೇಲೆ 'ದ ರ‍್ಯಾಟ್ ರೇಸ್' ಎಂಬ ಸಾಕ್ಷ್ಯಚಿತ್ರವೂ ಬಂದಿದೆ. ತಡರಾತ್ರಿಯ ಕರೆ ಮುಗಿಸಿ ಚೆಂಬೂರು ಸ್ಟೇಷನ್ನಿನ ಮಾರುಕಟ್ಟೆ ಗಲ್ಲಿಯಲ್ಲಿ ಬರುತ್ತಿದ್ದಾಗ ಒಬ್ಬರನ್ನು ಕಂಡೆ. ಟಾರ್ಚಿನ ಬೆಳಕು ಇಲಿಯ ಕಣ್ಣಿಗೆ ಬಿತ್ತು, ಅದು ಒಂದು ಕ್ಷಣ ನಿಂತಿತು, ದೊಣ್ಣೆ ಬಿತ್ತು. ಯಾವ ಗೆರೆಯೂ ಇಲ್ಲ, ಗಾಳಿಯ ಲೆಕ್ಕವೂ ಇಲ್ಲ. ನೋಡಿದ್ದಾಯಿತು, ತಾಗಿದ್ದಾಯಿತು, ಬಾಲ ಹಿಡಿದು ಚೀಲಕ್ಕೆ ಹಾಕಿದ್ದೂ ಆಯಿತು. ಅವರ ಮುಖದಲ್ಲಿ ಖುಷಿಯಾಗಲಿ ಬೇಸರವಾಗಲಿ ಕಾಣಲಿಲ್ಲ. ಎಣಿಸುತ್ತಿದ್ದರು, ಅಷ್ಟೆ. ಕೊಲ್ಲುವವನು ಕೊಂದದ್ದನ್ನು ಕೈಯಾರೆ ಎತ್ತಿಕೊಳ್ಳಲೇಬೇಕಾದ ವ್ಯವಸ್ಥೆ ಅದು. ಅಜ್ಜನ ನಿಯಮವನ್ನು ಪಾಲಿಕೆ ಲೆಕ್ಕದ ಪುಸ್ತಕಕ್ಕಾಗಿ ಉಳಿಸಿಕೊಂಡಿದೆ ಎಂದು ನನಗನ್ನಿಸಿತು.

ಐಡಹೋದ ಹೊಲದಲ್ಲಿ ಎತ್ತಿಕೊಳ್ಳುವವರಿಲ್ಲ. ಒಂದು ದಿನಕ್ಕೆ ನೂರಾರು ಗುಂಡು ಹಾರಿಸುತ್ತಾರೆ, ಸತ್ತವು ಅಲ್ಲೇ ಬಿದ್ದಿರುತ್ತವೆ. ಗುಂಡು ಒಳಗೆ ಚೂರಾಗುವಂತೆ ಮಾಡಿರುವುದರಿಂದ ಸೀಸದ ಕಣಗಳು ಮಾಂಸದಲ್ಲಿ ಉಳಿಯುತ್ತವೆ. ಹದ್ದು, ಗಿಡುಗಗಳು ಬಂದು ತಿನ್ನುತ್ತವೆ, ಸೀಸ ಅವುಗಳ ರಕ್ತ ಸೇರುತ್ತದೆ. ಬಾಯ್ಸಿಯ ದಕ್ಷಿಣಕ್ಕೆ ಸ್ನೇಕ್ ನದಿಯ ಉದ್ದಕ್ಕೂ ಬೇಟೆ ಹಕ್ಕಿಗಳಿಗೆಂದೇ ಕಾಯ್ದಿಟ್ಟ ದೊಡ್ಡ ಪ್ರದೇಶವಿದೆ, ಅವುಗಳ ಮುಖ್ಯ ಆಹಾರ ಇದೇ ಅಳಿಲು. 400 ಗಜ ನಡೆದು ಹೋಗಿ ಎತ್ತಿ ತರಬೇಕು ಎಂಬ ಒಂದೇ ಒಂದು ಕಟ್ಟಳೆ ಮಾಡಿದರೆ ಮೂರನೆಯ ರೆಟಿಕಲ್ಲಿನ ಬೇಡಿಕೆ ಅರ್ಧಕ್ಕಿಳಿಯುತ್ತದೆ ಎಂದು ಗೆಳೆಯನಿಗೆ ಬರೆದೆ. ಅವನು ನಗುವ ಚಿಹ್ನೆ ಕಳಿಸಿದ.

ಇನ್ನು ವಾರ್ಮಿಂಟ್ ಎಂಬ ಹೆಸರಿನ ವಿಚಾರ. ಅದು ವರ್ಮಿನ್ ಎಂಬುದರ ಆಡುಮಾತು, ಮೂಲದಲ್ಲಿ ಹುಳ ಎಂದರ್ಥ. ಒಂದು ಪ್ರಾಣಿಯನ್ನು ಹುಳ ಎಂದು ಕರೆದ ಮೇಲೆ ಎಷ್ಟು ದೂರದಿಂದ ಹೊಡೆದರೂ ಪರವಾಗಿಲ್ಲ, ಕರುಳಿಗೆ ತಾಗಿದರೂ ಪರವಾಗಿಲ್ಲ ಎಂದಾಗುತ್ತದೆ. ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲೂ ಇಂಥದೊಂದು ಪಟ್ಟಿಯಿತ್ತು, ಐದನೆಯ ಅನುಸೂಚಿ. ಇಲಿ, ಬಾವಲಿಗಳ ಜೊತೆಗೆ ಕಾಗೆಯೂ ಅದರಲ್ಲಿತ್ತು. ಶ್ರಾದ್ಧದ ದಿನ ಪಿಂಡ ಇಟ್ಟು, ಬಾ ಬಾ ಎಂದು ಯಾವುದಕ್ಕೆ ಕಾಯುತ್ತೇವೋ ಅದೇ ಕಾಗೆ. 2022ರ ತಿದ್ದುಪಡಿ ಆ ಅನುಸೂಚಿಯನ್ನು ತೆಗೆದುಹಾಕಿತು, ಆದರೆ ಒಂದು ಪ್ರಾಣಿಯನ್ನು ಒಂದು ಪ್ರದೇಶದಲ್ಲಿ ಇಂತಿಷ್ಟು ಕಾಲ ವರ್ಮಿನ್ ಎಂದು ಸಾರುವ ಅಧಿಕಾರ ಕೇಂದ್ರದ ಬಳಿ ಹಾಗೇ ಇದೆ. 2016ರಲ್ಲಿ ಬಿಹಾರದ ಮೊಕಾಮಾದಲ್ಲಿ ಅದೇ ಅಧಿಕಾರದಡಿ ಹೈದರಾಬಾದಿನಿಂದ ಗುರಿಕಾರರನ್ನು ಕರೆಸಿ ಇನ್ನೂರಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಹೊಡೆಸಿದರು. ಆಗ ಕೇಂದ್ರ ಸಚಿವರೇ ಆಗಿದ್ದ ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್ ಬಹಿರಂಗವಾಗಿ ಜಟಾಪಟಿ ಮಾಡಿಕೊಂಡರು. ಜಗಳ ನಡೆದದ್ದು ದೆಹಲಿಯಲ್ಲಿ. ಬೆಳೆ ಕಳೆದುಕೊಂಡವರು ಬಿಹಾರದಲ್ಲಿ, ಹೊಡೆದವರು ಹೈದರಾಬಾದಿನವರು. ದೂರಗಳ ಪಟ್ಟಿಗೆ ಇದನ್ನೂ ಸೇರಿಸಬೇಕು.

ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ತೋಟದ ಅರ್ಧ ಪಾಲು ನನ್ನದು, ನಿದ್ದೆಗೆಡುವವನು ತಮ್ಮ. ಹಂದಿಗಳು ಪಯಸ್ವಿನಿ ಹೊಳೆಯ ಬದಿಯಿಂದ ಹತ್ತಿ ಬರುತ್ತವೆ. ಅಡಿಕೆ ಸಸಿ, ಬಾಳೆ, ಮರಗೆಣಸು ಬುಡಮೇಲು ಮಾಡುತ್ತವೆ. ಪರವಾನಗಿ ಬೆಳೆ ರಕ್ಷಣೆಗೆ ಎಂದೇನೋ ಇದೆ, ಆದರೆ ಹಂದಿಗೆ ಗುಂಡು ತಗುಲಿದರೆ ಆ ಕಾಗದ ತಮ್ಮನನ್ನು ರಕ್ಷಿಸುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿಯೇ ಬೇಕು. ಹಾಗಾಗಿ ಆಕಾಶಕ್ಕೆ ಹೊಡೆಯುತ್ತಾನೆ. ಹಂದಿಗಳಿಗೆ ಅದು ಮೂರು ದಿನದಲ್ಲಿ ಅಭ್ಯಾಸವಾಗುತ್ತದೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ನಮ್ಮ ಜಿಲ್ಲೆಯ ಕೃಷಿಕರು ಇದರಿಂದ ವಿನಾಯಿತಿ ಕೇಳಿ ಹೈಕೋರ್ಟಿನ ಮೆಟ್ಟಿಲೇರಿದ್ದಾರೆ. ಗಡಿಯಾಚೆ ಕಾಸರಗೋಡಿನಲ್ಲಿ ಕಥೆ ಬೇರೆ. 2022ರ ಮೇ ತಿಂಗಳಿಂದ ಕೇರಳ ಸರ್ಕಾರ ಪಂಚಾಯತ್ ಅಧ್ಯಕ್ಷರಿಗೇ ಅಧಿಕಾರ ಕೊಟ್ಟಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಪರವಾನಗಿ ಇದ್ದವರಿಂದ ಹೊಡೆಸಬಹುದು. ವಿಷ, ಸಿಡಿಮದ್ದು, ಕರೆಂಟು ಕೂಡದು. ದೇಲಂಪಾಡಿಯಲ್ಲಿರುವ ಸೋದರತ್ತೆಯ ಮಗ ಅದನ್ನು ಹೇಳಿ ತಮ್ಮನನ್ನು ಕಿಚಾಯಿಸುತ್ತಾನೆ. ಅದೇ ಹಂದಿ ಹೊಳೆಬದಿ ಹಿಡಿದು ಆಚೆ ಹೋದರೆ ಹೊಡೆಯಬಹುದಾದದ್ದು, ಈಚೆ ಬಂದರೆ ಮುಟ್ಟಬಾರದ್ದು. ಆ ಗೆರೆಯನ್ನೂ ಯಾರೋ ಎಲ್ಲೋ ಕೂತು ಎಳೆದದ್ದೇ.

ಗೆಳೆಯನ ಮೂರು ಚಿತ್ರಗಳನ್ನು ತಮ್ಮನಿಗೂ ಕಳಿಸಿದ್ದೆ. "ಎಂತದು ಅಣ್ಣ ಇದು? ನಮ್ಮ ತೋಟದಲ್ಲಿ ನೂರು ಗಜ ಕಾಣುವ ಜಾಗ ಎಲ್ಲುಂಟು?" ಎಂದ. ಆಮೇಲೆ, "ರಾತ್ರಿ ಕಾಣುವ ಕ್ಯಾಮರಾ ಉಂಟಲ್ಲ, ಅದಕ್ಕೆ ಎಷ್ಟು?" ಎಂದು ಕೇಳಿದ. ಅವನಿಗೆ ಬೇಕಾದದ್ದು ದೂರ ಅಲ್ಲ, ಯಾವ ಹೊತ್ತಿಗೆ ಎಲ್ಲಿಂದ ಬರುತ್ತವೆ ಎಂದು ತಿಳಿಯುವುದು. ಕ್ಯಾಮರಾ ಕಳಿಸಿದೆ. ಸೋಲಾರ್ ಬೇಲಿಗೆ ಹೊಳೆಬದಿಯ ಒಂದು ಪಟ್ಟಿಯನ್ನಷ್ಟೇ ಮೊದಲು ಹಾಕೋಣ ಎಂದು ಮಾತಾಗಿದೆ.

ಗೆಳೆಯನಿಗೆ ಬರೆದದ್ದು: ಎರಡನೆಯದನ್ನು ತಗೋ, ಅದರಲ್ಲೂ 300ರ ಗುರುತಿನ ಕೆಳಗೆ ನೋಡಬೇಡ, ಮೊದಲನೆಯದಾದರೆ ಇನ್ನೂ ಒಳ್ಳೆಯದು, ನೋಡಬೇಡ ಎಂದು ನಿನಗೆ ನೀನು ಹೇಳಿಕೊಳ್ಳುವ ಕಷ್ಟ ಇರುವುದಿಲ್ಲ. ಅವನು ಮೂರನೆಯದನ್ನು ಕೊಂಡ. ಲೆಕ್ಕ ನಾನೇ ಹಾಕಿಕೊಟ್ಟದ್ದು, ಮೂರನೆಯದೇ ಎನ್ನುತ್ತಿತ್ತು, ತಕರಾರು ಮಾಡುವಂತಿಲ್ಲ.

ಮೊನ್ನೆ ತಮ್ಮ ಕ್ಯಾಮರಾದ ಚಿತ್ರವೊಂದನ್ನು ಕಳಿಸಿದ. ರಾತ್ರಿ 2.40. ಮುಂದೆ ತಾಯಿಹಂದಿ, ಹಿಂದೆ ಸಾಲಾಗಿ ಆರು ಮರಿ, ಮೈಮೇಲೆ ಇನ್ನೂ ಪಟ್ಟೆ ಮಾಸಿಲ್ಲ. ಕೋವಿ ಹಿಡಿದು ಮಾಳದಲ್ಲೇ ಕೂತಿದ್ದನಂತೆ, ಇಪ್ಪತ್ತೈದು ಗಜ. ಆಕಾಶಕ್ಕೂ ಹೊಡೆಯಲಿಲ್ಲವಂತೆ. ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮರುದಿನ ಎಣಿಸಿದಾಗ ಇಪ್ಪತ್ತೆರಡು ಸಸಿ ಹೋಗಿದ್ದವು. ನರ್ಸರಿಯ ದರ ಸೇರಿಸಿ ಲೆಕ್ಕ ಕಳಿಸಿದ. ಅರ್ಧ ನನ್ನ ಪಾಲಿಗೆ.